ನಾವು ವೋಟ್ ಹಾಕಿದವರು ಸೋತರು, ಈಗೇನು? ಕೊಡಗಿನ ಚರಿತ್ರೆ ಕೊಡೋ ಉತ್ತರ

ಇವತ್ತು ಸೋಲಿನ ಬಗ್ಗೆ ಮಾತಾಡೋಣ. ಕ್ರಿಕೆಟ್ ಸೋಲಲ್ಲ, ಎಲೆಕ್ಷನ್ ಸೋಲು.

2023ರ ಮೇ ತಿಂಗಳಲ್ಲಿ ಕೊಡಗಿನ ಎರಡೂ ವಿಧಾನಸಭಾ ಸೀಟುಗಳನ್ನು ಕಾಂಗ್ರೆಸ್ ಗೆದ್ದಿತು. 2024ರ ಜೂನ್‌ನಲ್ಲಿ ಮೈಸೂರು-ಕೊಡಗು ಲೋಕಸಭಾ ಕ್ಷೇತ್ರ ಬಿಜೆಪಿ ಪಾಲಾಯಿತು. ಅಂದರೆ ಒಂದೇ ವರ್ಷದ ಆಚೀಚೆ ಎರಡೂ ಕಡೆಯವರು ಒಮ್ಮೆ ನಕ್ಕರು, ಒಮ್ಮೆ ಮುಖ ಸಪ್ಪೆ ಮಾಡಿಕೊಂಡರು. ನಾನು ಕೊಡಗಿನ ಕ್ರೈಸ್ತ. ಯಾರಿಗೆ ವೋಟ್ ಹಾಕಿದೆ ಅನ್ನೋದು ಬೇಡ. ರಿಸಲ್ಟ್ ಬೇಸರ ತಂದ ಮೇಲೆ ಮಾಡಬೇಕಾದ್ದೇನು ಅನ್ನೋದಷ್ಟೇ ಇವತ್ತಿನ ಪ್ರಶ್ನೆ.

ಮೊದಲು ವಿರಾಜಪೇಟೆಗೆ ಹೋಗೋಣ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾ ಕರಾವಳಿಯ ಕ್ಯಾಥೊಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ಸಂತ ಅನ್ನಮ್ಮ ಚರ್ಚಿನ ಚರಿತ್ರೆ ಶುರುವಾಗೋದು 1792ರಲ್ಲಿ, ಹೀಗೆ. ಗಮನಿಸಿ, ಒಬ್ಬ ರಾಜ ಸೆರೆಗೆ ಹಾಕಿದ, ಇನ್ನೊಬ್ಬ ರಾಜ ಜಾಗ ಕೊಟ್ಟ. ಎರಡರಲ್ಲೂ ಆ ಜನರನ್ನು ಯಾರೂ ಕೇಳಲಿಲ್ಲ. ಅವರಿಗೆ ವೋಟೇ ಇರಲಿಲ್ಲ.

ಹಾಗಾದರೆ ಅಧಿಕಾರ ನಮ್ಮ ಧರ್ಮದವರ ಕೈಯಲ್ಲಿದ್ದರೆ ಎಲ್ಲ ಸರಿಹೋಗುತ್ತಾ? 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಇಷ್ಟಾದರೂ ಕೊಡಗಿನ ಸಿಂಹಾಸನ ವಾಪಸ್ ಬರಲಿಲ್ಲ. ರಾಜ ಪರದೇಶದಲ್ಲೇ ತೀರಿಕೊಂಡ. ಗೌರಮ್ಮ 1864ರಲ್ಲಿ ಚಿಕ್ಕ ವಯಸ್ಸಲ್ಲೇ ತೀರಿಹೋದಳು. ಅರಮನೆಗೆ ಹತ್ತಿರವಾದ ಮಾತ್ರಕ್ಕೆ ನ್ಯಾಯ ಸಿಗಲ್ಲ.

ಈಗ 1952. ಆಗ ಕೊಡಗು ಒಂದು ಪ್ರತ್ಯೇಕ ರಾಜ್ಯ, 24 ಸದಸ್ಯರ ಸ್ವಂತ ವಿಧಾನಸಭೆ! ಒಂದು ಕಡೆ ಸಿ.ಎಂ. ಪೂಣಚ್ಚ ಅವರ ಕಾಂಗ್ರೆಸ್. ಇನ್ನೊಂದು ಕಡೆ ಗಾಂಧಿವಾದಿ ಪಂದ್ಯಂಡ ಬೆಳ್ಳಿಯಪ್ಪ ಅವರ ತಕ್ಕಡಿ ಪಕ್ಷ. ಮೈಸೂರಿನ ಜೊತೆ ವಿಲೀನ ಬೇಡ ಅನ್ನೋದು ತಕ್ಕಡಿಯವರ ವಾದ. ಕಾಂಗ್ರೆಸ್‌ಗೆ 15 ಸೀಟು, ಇವರ ಕಡೆಗೆ 9. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು.

ಸೋತವರ ಭಯ ಸುಳ್ಳಾಗಿತ್ತಾ? ಇಲ್ಲ. ಅಂದು ತಮ್ಮದೇ ಸಭೆಯಲ್ಲಿ 24 ಜನ ಇದ್ದ ನಾಡಿಗೆ ಇವತ್ತು 224ರಲ್ಲಿ ಇರೋದು ಎರಡೇ ಸೀಟು. ಆದರೆ ಕೋವಿ ಮನೆಮಾತಾಗಿರೋ ಈ ನಾಡಲ್ಲಿ ಆ ಜಗಳ ನಡೆದದ್ದು ಮತಪೆಟ್ಟಿಗೆಯಲ್ಲಿ, ಸದನದಲ್ಲಿ. ಸೋತವರನ್ನು ಯಾರೂ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಲಿಲ್ಲ. 1784ಕ್ಕೂ 1952ಕ್ಕೂ ಇರೋ ವ್ಯತ್ಯಾಸ ಅದು. ಬೇಜಾರಲ್ಲಿದ್ದಾಗ ನಾವು ಮರೆಯೋದೂ ಅದನ್ನೇ.

ಬೈಬಲ್ಲಿನಲ್ಲಿ ಪ್ರವಾದಿ ಯೆರೆಮೀಯ ಬಾಬಿಲೋನಿಗೆ ಸೆರೆ ಹೋದವರಿಗೆ ಒಂದು ಪತ್ರ ಬರೀತಾನೆ. ಅದರ ಸಾರ ಇಷ್ಟು: ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ. ಸೆರೆ ಹಿಡಿದವರ ಊರಿಗೇ ಪ್ರಾರ್ಥನೆ! ಪೌಲನೂ ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಿ ಅಂತಾನೆ. ನಾವು ಆರಿಸಿದವರಿಗೆ ಮಾತ್ರ ಅಂತ ಅವನು ಹೇಳಲಿಲ್ಲ.

ಹಾಗಂತ ಪ್ರಾರ್ಥನೆ ಮಾಡಿ ಬಾಯಿ ಮುಚ್ಚಿಕೊಂಡು ಕೂರಬೇಕು ಅಂತಲ್ಲ. ಅದೇ ಬೈಬಲ್ಲಿನಲ್ಲಿ ನಾತಾನ ಪ್ರವಾದಿ ದಾವೀದ ರಾಜನ ಮುಖದೆದುರೇ ತಪ್ಪು ಹೇಳ್ತಾನೆ. ನಮ್ಮ ಕಾಲದ ಉದಾಹರಣೆ ಬೇಕಾ? 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಸಭೆ ಮತಾಂತರ ವಿರೋಧಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಅದನ್ನು ಬಹಿರಂಗವಾಗಿ ವಿರೋಧಿಸಿದರು. 2022ರಲ್ಲಿ ಕ್ರೈಸ್ತ ಸಂಘಟನೆಗಳು ಹೈಕೋರ್ಟಿಗೆ ಹೋದವು. ಸರ್ಕಾರಕ್ಕಾಗಿ ಪ್ರಾರ್ಥಿಸೋದು, ಅದೇ ಸರ್ಕಾರದ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸೋದು, ಇವೆರಡೂ ಒಟ್ಟಿಗೇ ಇರಬಹುದು.

ಕೊಡಗಿನಲ್ಲಿ ನಾವು ಕ್ರೈಸ್ತರು ಚಿಕ್ಕ ಸಂಖ್ಯೆ. ನಮ್ಮ ವೋಟಿನಿಂದ ಮಾತ್ರ ಇಲ್ಲಿ ಯಾರೂ ಗೆಲ್ಲಲ್ಲ. ಆದ್ದರಿಂದ ಪಕ್ಕದ ತೋಟದವರ ಜೊತೆಗಿನ ಸಂಬಂಧ ನಮಗೆ ಯಾವ ರಿಸಲ್ಟಿಗಿಂತಲೂ ದೊಡ್ಡದು. ಕಾಫಿ ಕುಯ್ಲಿಗೆ ಆಳು ಬೇಕಾದಾಗ, ಮಳೆಗಾಲದಲ್ಲಿ ಬರೆ ಜರಿದಾಗ ಓಡಿ ಬರೋದು ಅವರೇ. ಅವರು ಯಾವ ಬಟನ್ ಒತ್ತಿದರು ಅಂತ ಆಗ ಯಾರು ಕೇಳ್ತಾರೆ?

ಹಾಗಾಗಿ ಕೇಳುಗರೇ, ನಿಮ್ಮವರು ಸೋತಿದ್ದರೆ ಬೇಸರಪಡಿ, ತಪ್ಪೇನಿಲ್ಲ. ಆದರೆ ಗೆದ್ದವರಿಗೆ ವೋಟ್ ಹಾಕಿದ ಗೆಳೆಯನನ್ನು ಬ್ಲಾಕ್ ಮಾಡಬೇಡಿ. ಗೆದ್ದ ಎಂಎಲ್‌ಎ ನಿಮಗೂ ಎಂಎಲ್‌ಎನೇ. ರಸ್ತೆ, ಆಸ್ಪತ್ರೆ, ಆನೆ ಹಾವಳಿ ಬಗ್ಗೆ ಅರ್ಜಿ ಹಿಡಿದು ಅವರ ಬಾಗಿಲಿಗೇ ಹೋಗಿ. ಐದು ವರ್ಷ ಲೆಕ್ಕ ಇಡಿ. ಆಮೇಲೆ ಮತ್ತೆ ಕ್ಯೂನಲ್ಲಿ ನಿಲ್ಲಿ. ವಿರಾಜಪೇಟೆಗೆ ಓಡಿ ಬಂದ ಆ ಮೊದಲ ಜನರಿಗೆ ಈ ಅವಕಾಶ ಇರಲಿಲ್ಲ. ನಮಗಿದೆ.