ಒಂದೇ ಒಂದು ಪಾಯಿಂಟ್

2020ರ ಏಪ್ರಿಲ್ 12. ಲಾಕ್‌ಡೌನ್ ಕಾಲ. ಬೆಳಗ್ಗೆಯಿಂದ ರಾತ್ರಿವರೆಗೆ ಪರದೆ ಮೇಲೆ ಕೊರೊನಾ ಬಿಟ್ಟರೆ ಬೇರೆ ಸುದ್ದಿಯೇ ಇಲ್ಲ. ಅವತ್ತು ಲಂಡನ್ನಿನಲ್ಲಿ ತೊಂಬತ್ತು ವರ್ಷದ ಒಬ್ಬ ರೇಸ್ ಡ್ರೈವರ್ ತೀರಿಕೊಂಡ. ಕೆಳಗಡೆ ಸ್ಕ್ರೋಲಿಂಗ್‌ನಲ್ಲಿ ಒಂದು ಸಾಲು ಹಾಕಿಸಿ ನಾನು ಸುಮ್ಮನಾದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನಿಗೆ ಆ ಒಂದು ಸಾಲು ಸಾಲದು ಅನ್ನೋದು ಗೊತ್ತಿತ್ತು. ಆ ಬಾಕಿಯನ್ನ ಇವತ್ತು ತೀರಿಸ್ತೀನಿ.

ಅವನ ಹೆಸರು ಸ್ಟರ್ಲಿಂಗ್ ಮಾಸ್. ಫಾರ್ಮುಲಾ ವನ್‌ನಲ್ಲಿ 66 ರೇಸ್, 16 ಗೆಲುವು. 1955ರಿಂದ 1958ರವರೆಗೆ ಸತತ ನಾಲ್ಕು ವರ್ಷ ಎರಡನೇ ಸ್ಥಾನ. ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಒಮ್ಮೆಯೂ ಸಿಗಲಿಲ್ಲ. ಹಾಗಂತ ಸಾಮರ್ಥ್ಯ ಕಡಿಮೆಯಾ? 1955ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ರೇಸಿನಲ್ಲಿ, ಊರು-ಬೆಟ್ಟಗಳ ನಡುವಿನ ಸಾಮಾನ್ಯ ರಸ್ತೆಗಳಲ್ಲಿ, ಸುಮಾರು 1,600 ಕಿಲೋಮೀಟರ್ ದೂರವನ್ನ 10 ಗಂಟೆ 7 ನಿಮಿಷದಲ್ಲಿ ಮುಗಿಸಿದವನು ಅವನು.

ಸೋತವನ ಕಥೆ ಯಾಕೆ ಹೇಳ್ತೀರಿ ಅಂತೀರಾ? 1958ರ ಕಥೆ ಕೇಳಿ.

ಆಗ ಗೆದ್ದವನಿಗೆ 8 ಪಾಯಿಂಟ್, ಎರಡನೆಯವನಿಗೆ 6, ಅತಿ ವೇಗದ ಲ್ಯಾಪ್‌ಗೆ ಇನ್ನೊಂದು. ಆಗಸ್ಟ್ 24, ಪೋರ್ಚುಗಲ್‌ನ ಪೋರ್ಟೊ. ಗೆದ್ದವನು ಮಾಸ್. ಎರಡನೆಯವನು ಅವನ ನೇರ ಎದುರಾಳಿ, ಫೆರಾರಿಯ ಮೈಕ್ ಹಾಥಾರ್ನ್. ಕೊನೆಗೆ ಹಾಥಾರ್ನ್ ಕಾರು ಗಿರಕಿ ಹೊಡೆದು ಆಫ್ ಆಯ್ತು. ಸ್ಟಾರ್ಟ್ ಮಾಡೋಕೆ ಅವನು ಇಳಿಜಾರಿನಲ್ಲಿ ರೇಸಿನ ವಿರುದ್ಧ ದಿಕ್ಕಿಗೆ ಕಾರು ಓಡಿಸಿದ. ಟ್ರ್ಯಾಕ್ ಮೇಲೆ ಹಾಗೆ ಹೋದರೆ ಅನರ್ಹತೆ. ಅವನ 7 ಪಾಯಿಂಟ್ ಹೋಗೋದರಲ್ಲಿತ್ತು. ಲಾಭ ಯಾರಿಗೆ? ಮಾಸ್‌ಗೆ!

ಮಾಸ್ ಏನು ಮಾಡಿದ ಗೊತ್ತಾ? ಅಧಿಕಾರಿಗಳ ಮುಂದೆ ಹೋಗಿ, ಹಾಥಾರ್ನ್ ಕಾರು ಟ್ರ್ಯಾಕ್ ಮೇಲಲ್ಲ, ಫುಟ್‌ಪಾತ್ ಮೇಲಿತ್ತು ಅಂತ ಸಾಕ್ಷಿ ಹೇಳಿದ. ಏಳೂ ಪಾಯಿಂಟ್ ಎದುರಾಳಿಗೇ ಉಳಿದವು.

ಕೊನೆಯ ರೇಸ್ ಅಕ್ಟೋಬರ್ 19ಕ್ಕೆ, ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ. ಮಾಸ್ ಗೆಲ್ಲಬೇಕು, ಅತಿ ವೇಗದ ಲ್ಯಾಪೂ ಅವನದೇ ಆಗಬೇಕು, ಹಾಥಾರ್ನ್ ಎರಡನೆಯವನಾಗಬಾರದು. ತನ್ನ ಕೈಯಲ್ಲಿದ್ದ ಎರಡನ್ನೂ ಮಾಸ್ ಮಾಡಿದ. ಮೂರನೆಯದು ಅವನ ಕೈಯಲ್ಲಿರಲಿಲ್ಲ. ಫೆರಾರಿಯ ಇನ್ನೊಬ್ಬ ಡ್ರೈವರ್ ಫಿಲ್ ಹಿಲ್ ದಾರಿ ಬಿಟ್ಟುಕೊಟ್ಟ, ಹಾಥಾರ್ನ್ ಎರಡನೆಯವನಾದ. ಲೆಕ್ಕ 42-41. ಆ ವರ್ಷ ಮಾಸ್ ನಾಲ್ಕು ರೇಸ್ ಗೆದ್ದಿದ್ದ, ಹಾಥಾರ್ನ್ ಒಂದೇ ಒಂದು.

ಆಗಿನ ನಿಯಮದಲ್ಲಿ ಅತ್ಯುತ್ತಮ ಆರು ಫಲಿತಾಂಶಗಳಷ್ಟೇ ಲೆಕ್ಕಕ್ಕೆ. ನಾನು ಕೂಡಿ ಕಳೆದು ನೋಡಿದೆ. ಪೋರ್ಟೊದ 7 ತೆಗೆದು ಮುಂದಿನ ಫಲಿತಾಂಶದ 4 ಸೇರಿಸಿದರೆ ಹಾಥಾರ್ನ್‌ಗೆ 39. ಅಂದ್ರೆ ಅವತ್ತು ಮಾಸ್ ಬಾಯಿ ಮುಚ್ಚಿಕೊಂಡು ಕೂತಿದ್ದು, ಹಾಥಾರ್ನ್ ಅನರ್ಹನಾಗಿದ್ದರೆ, ಚಾಂಪಿಯನ್ ಮಾಸ್.

ಕಾಸಾಬ್ಲಾಂಕಾದಲ್ಲಿ ಮಾಸ್‌ನ ತಂಡದ ಸ್ಟುವರ್ಟ್ ಲೂಯಿಸ್ ಇವಾನ್ಸ್ ಕಾರಿಗೆ ಬೆಂಕಿ ಬಿತ್ತು. ಆರು ದಿನಕ್ಕೆ ಅವನು ಸತ್ತ. ಚಾಂಪಿಯನ್ ಹಾಥಾರ್ನ್ ನಿವೃತ್ತನಾಗಿ, ಮರುವರ್ಷ ಜನವರಿಯಲ್ಲೇ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಆ ಒಂದು ಪಾಯಿಂಟ್ ಎಷ್ಟು ದೊಡ್ಡದು, ನೀವೇ ಹೇಳಿ.

1962ರಲ್ಲಿ ಗುಡ್‌ವುಡ್ ಅಪಘಾತ. ಮಾಸ್ ಒಂದು ತಿಂಗಳು ಕೋಮಾದಲ್ಲಿದ್ದ. ಮರುವರ್ಷ ಮತ್ತೆ ಕಾರು ಓಡಿಸಿ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಂಡ. ಮೊದಲು ತಾನಾಗಿ ಆಗುತ್ತಿದ್ದುದನ್ನ ಈಗ ಯೋಚಿಸಿ ಮಾಡಬೇಕಾಗಿತ್ತು. 33ನೇ ವಯಸ್ಸಿಗೆ ನಿವೃತ್ತಿ ಘೋಷಿಸಿದ. ಪೂರ್ತಿ ಕೊಡೋಕೆ ಆಗದಿದ್ದರೆ ಇಳಿಯೋದೇ ಬೇಡ ಅನ್ನೋ ಜಾತಿಯ ಮನುಷ್ಯ.

ನಮ್ಮ ವೃತ್ತಿಯಲ್ಲೂ ವಾರ ವಾರ ಟಿಆರ್‌ಪಿ ಬರುತ್ತೆ. ಮೊದಲ ಸ್ಥಾನ ಯಾರಿಗೆ ಅಂತ ನಾವೂ ಕಣ್ಣು ಬಿಟ್ಟು ಕಾಯ್ತೀವಿ. ಎದುರಾಳಿ ಚಾನೆಲ್ ಮೇಲೆ ಸುಳ್ಳು ಆರೋಪ ಬಂದ ದಿನ, ಇಲ್ಲ, ಅವರು ಮಾಡಿದ್ದು ಸರಿ ಅಂತ ನಾನು ಕ್ಯಾಮೆರಾ ಮುಂದೆ ಹೇಳ್ತೀನಾ? ಪ್ರಾಮಾಣಿಕವಾಗಿ ಹೇಳ್ತೀನಿ, ಈ ಪ್ರಶ್ನೆಗೆ ತಡವರಿಸ್ತೀನಿ. ಮಾಸ್ ತಡವರಿಸಲಿಲ್ಲ. ಅದಕ್ಕೇ ಅವನಿಗೆ ಈ ನಮಸ್ಕಾರ.