ನಾನ್‌ಕೌರಿಯ ಮೊರೇವಿಯನ್ ಸಹೋದರರು: ಒಂದು ದ್ವೀಪ ಮಿಷನ್ನಿನ ದಿನಚರಿ, 1768–1787

ನಿಕೋಬಾರಿನ ಮೊರೇವಿಯನ್ ಮಿಷನ್ನಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ವಾಡಿಕೆ: ಬಂದರು, ಜ್ವರ ಹಿಡಿಯಿತು, ಸತ್ತರು. ಇದು ಸುಳ್ಳಲ್ಲ. ಹನ್ನೊಂದು ಮಂದಿ ನಾನ್‌ಕೌರಿ ದ್ವೀಪದಲ್ಲೇ ಮಣ್ಣಾದರು. ಇನ್ನೂ ಹದಿಮೂರು ಮಂದಿ ತಮಿಳು ಕರಾವಳಿಯ ಡೇನಿಷ್ ನೆಲೆಯಾದ ತರಂಗಂಬಾಡಿಗೆ ಮರಳಿದ ಸ್ವಲ್ಪ ದಿನಗಳಲ್ಲೇ ತೀರಿಕೊಂಡರು. ಆದರೆ ಸಾವಿನ ಲೆಕ್ಕವನ್ನೇ ನೋಡುತ್ತ ಕುಳಿತರೆ, ಬದುಕಿದ್ದಷ್ಟು ದಿನ ಅವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಬದಿಗೆ ಸರಿಯುತ್ತದೆ. ಈ ಮಿಷನ್ ಸೋತದ್ದು ಜ್ವರದಿಂದ ಎಷ್ಟೋ, ಹೊಟ್ಟೆಪಾಡಿನಿಂದಲೂ ಅಷ್ಟೇ ಎಂಬುದು ಈ ಲೇಖನದ ವಾದ.

ಹಿನ್ನೆಲೆ ಚಿಕ್ಕದು. 1756ರಲ್ಲಿ ಡೇನಿಷರು ನಿಕೋಬಾರನ್ನು ತಮ್ಮದೆಂದು ಸಾರಿದರು. ಅಲ್ಲಿ ನೆಲೆಯೂರಿ ದುಡಿಯುವ ಜನ ಅವರಿಗೆ ಬೇಕಾಗಿದ್ದರು. ಜರ್ಮನಿಯ ಸ್ಯಾಕ್ಸನಿಯ ಹೆರ್ನ್‌ಹಟ್ ಊರಿನ ಪ್ರೊಟೆಸ್ಟಂಟ್ ಪಂಗಡವಾದ ಮೊರೇವಿಯನ್ ಸಹೋದರರು ಇದಕ್ಕೆ ಹೇಳಿ ಮಾಡಿಸಿದಂತಿದ್ದರು. ಇವರಲ್ಲಿ ದೈವಶಾಸ್ತ್ರ ಓದಿದ ಪಂಡಿತರಿಗಿಂತ ಬಡಗಿ, ಕುಂಬಾರ, ದರ್ಜಿಗಳೇ ಹೆಚ್ಚು. ಹೋದ ಕಡೆ ಕೈಕಸುಬಿನಿಂದ ಅನ್ನ ಸಂಪಾದಿಸಿಕೊಂಡು ಸುವಾರ್ತೆ ಹೇಳುವುದು ಅವರ ಪದ್ಧತಿ. 1732ರಲ್ಲಿ ಕೆರಿಬಿಯನ್ ದ್ವೀಪಕ್ಕೆ ಹೊರಟ ಅವರ ಮೊದಲ ಇಬ್ಬರಲ್ಲಿ ಒಬ್ಬ ಕುಂಬಾರ, ಇನ್ನೊಬ್ಬ ಬಡಗಿ. 1760ರಲ್ಲಿ ತರಂಗಂಬಾಡಿಗೆ ಬಂದಿಳಿದ ತಂಡ ಊರ ಹೊರಗೆ ಜಮೀನು ಕೊಂಡು 'ಸಹೋದರರ ತೋಟ' ಕಟ್ಟಿತು. 1706ರಿಂದ ಅಲ್ಲಿ ಬೇರೂರಿದ್ದ ಲೂಥರನ್ ಮಿಷನರಿಗಳಿಗೆ ಈ ಹೊಸಬರು ಬಂದದ್ದು ಹಿಡಿಸಲಿಲ್ಲ. ನಿಕೋಬಾರಿಗೆ ಹೋಗುವ ದಾರಿ ತೆರೆದದ್ದು 1768ರಲ್ಲಿ. ಅಷ್ಟರೊಳಗೆ ಡೇನಿಷರ ಮೊದಲ ವಸಾಹತು ಜ್ವರಕ್ಕೆ ಬಲಿಯಾಗಿತ್ತು. ಎರಡನೆಯ ಪ್ರಯತ್ನವೂ ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು. ಆಮೇಲೆ ಸಹೋದರರು ಒಂಟಿಯಾದರು. ಸಾಮಾನು ತರುವ ಹಡಗು ಅಪರೂಪ.

ಕೈಕಸುಬಿನ ಪದ್ಧತಿ ಇಲ್ಲಿಯೇ ಎಡವಿತು. ಬಡಗಿಯ ಕೆಲಸಕ್ಕೆ ಗಿರಾಕಿ ಬೇಡವೇ? ನಿಕೋಬಾರಿಗಳು ತಮ್ಮ ಮನೆಯನ್ನು ಕಂಬಗಳ ಮೇಲೆ ತಾವೇ ಎತ್ತಿಕೊಳ್ಳುತ್ತಿದ್ದರು. ತೆಂಗು, ಹಂದಿ, ಸುವರ್ಣಗೆಡ್ಡೆಯಂಥ ಗಡ್ಡೆಗೆಣಸು, ಕೇದಿಗೆ ಜಾತಿಯ ಮರದ ಹಣ್ಣನ್ನು ಬೇಯಿಸಿ ಮಾಡಿದ ಹಿಟ್ಟು: ಇಷ್ಟರಲ್ಲಿ ಅವರ ಸಂಸಾರ ಸಾಗುತ್ತಿತ್ತು. ಜರ್ಮನ್ ದರ್ಜಿಯಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುಂದಿನ ಶತಮಾನದಲ್ಲಿ ಹೆಂಚು, ಬಟ್ಟೆ, ಮುದ್ರಣದಿಂದ ತನ್ನ ಕಾಲ ಮೇಲೆ ನಿಂತದ್ದನ್ನು ಬಲ್ಲ ನಮಗೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮಂಗಳೂರಿಗೆ ಬಂದರಿತ್ತು, ಮಾರುಕಟ್ಟೆಯಿತ್ತು. ನಾನ್‌ಕೌರಿಗೆ ಬಂದರು ಮಾತ್ರ ಇತ್ತು. ಹಾಗಾಗಿ ಸಹೋದರರು ಯುರೋಪಿನ ಶ್ರೀಮಂತರ ಸಂಗ್ರಹಗಳಿಗೆ ಬೇಕಾದ ಚಿಪ್ಪು, ಹಾವು, ಸಮುದ್ರಜೀವಿಗಳನ್ನು ಹುಡುಕಿ ಹೆಕ್ಕಿ ಕಳಿಸುವ ಕೆಲಸಕ್ಕೆ ಇಳಿದರು.

ಇದೆಲ್ಲ ನಮಗೆ ತಿಳಿದಿರುವುದು ಮುಖ್ಯವಾಗಿ ಒಬ್ಬನಿಂದ. 1779ರಲ್ಲಿ ದ್ವೀಪಕ್ಕೆ ಬಂದ ಯೋಹಾನ್ ಗಾಟ್‌ಫ್ರೀಡ್ ಹೆನ್ಸೆಲ್ ಅವನು. ಅವನ ನೆನಪುಗಳು ಪಾದ್ರಿ ಲಟ್ರೋಬ್‌ಗೆ ಬರೆದ ಪತ್ರಗಳ ರೂಪದಲ್ಲಿ 1812ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ದ್ವೀಪ ಬಿಟ್ಟು ಇಪ್ಪತ್ತೈದು ವರ್ಷವಾದ ಮೇಲಿನ ಬರಹ ಇದು, ಓದುವಾಗ ಎಚ್ಚರ ಬೇಕು. ಹಾವು, ಮೊಸಳೆ, ಏಡಿಗಳಿಗೆ ಸಿಕ್ಕಷ್ಟು ಜಾಗ ಪ್ರಾರ್ಥನೆಗೆ ಸಿಕ್ಕಿಲ್ಲ. ಹೆನ್ಸೆಲ್ ಭಕ್ತಿಯಲ್ಲಿ ಹಿಂದಾಗಿದ್ದ ಎಂದು ಇದರಿಂದ ಹೇಳಲಾಗದು. ಹೆರ್ನ್‌ಹಟ್ ಪಂಗಡದಲ್ಲಿ ದಿನಕ್ಕೊಂದು ಬೈಬಲ್ ವಚನವನ್ನು ಗೊತ್ತುಮಾಡಿ ಓದುವ ರೂಢಿ 1730ರ ದಶಕದಿಂದಲೇ ಇತ್ತು. ನಿತ್ಯ ನಡೆಯುವುದನ್ನು ಯಾರೂ ಬರೆದಿಡುವುದಿಲ್ಲ. ಲಂಡನ್ನಿನ ಓದುಗನಿಗೂ ಹಾವೇ ಬೇಕಾಗಿತ್ತು ಎಂದು ನನ್ನ ಊಹೆ.

ಚಿಪ್ಪು ಹೆಕ್ಕುತ್ತ ದೂರ ಹೋಗಿ ಕತ್ತಲಾದರೆ ಹೆನ್ಸೆಲ್ ಮನೆಗೆ ಮರಳುತ್ತಿರಲಿಲ್ಲ. ಭರತದ ಗೆರೆಗಿಂತ ಮೇಲೆ, ಒಣಗಿದ ಬಿಳಿ ಮರಳಿನಲ್ಲಿ ಮೈ ಹಿಡಿಸುವಷ್ಟು ಗುಂಡಿ ತೋಡಿ, ತಲೆಯ ಕಡೆ ಮರಳನ್ನೇ ದಿಂಬಿನಂತೆ ಒಟ್ಟಿ, ಕುತ್ತಿಗೆಯವರೆಗೆ ಹೂತುಕೊಂಡು ಮಲಗುತ್ತಿದ್ದ. ನಾಯಿ ಮೈಮೇಲೆ ಅಡ್ಡಲಾಗಿ ಮಲಗಿ ಕಾಯುತ್ತಿತ್ತು. ರಾತ್ರಿಯೆಲ್ಲ ಏಡಿಗಳ ಕರಕರ ಸದ್ದು. ಹತ್ತಿರ ಬಂದವನ್ನು ನಾಯಿ ಕಚ್ಚಿ ದೂರ ಎಸೆಯುತ್ತಿತ್ತು. ಕೊಂಡಿ ತೀರ ದೊಡ್ಡದಾಗಿದ್ದರೆ ಮೂತಿ ಹಾಕದೆ ಬೊಗಳಿಯೇ ಓಡಿಸುತ್ತಿತ್ತು. ಹೆನ್ಸೆಲ್‌ನ ಬರಹದಲ್ಲಿ ನಗು ಸುಳಿಯುವ ಅಪರೂಪದ ಜಾಗ ಇದು. ಆದರೆ ಮೂಲ ವಿಷಯ ಮರೆಯಬಾರದು: ಜನರೊಡನೆ ಕೂತು ಮಾತಾಡಬೇಕಾದ ಹೊತ್ತು ಹೀಗೆ ಯಾರೂ ಇಲ್ಲದ ತೀರದಲ್ಲಿ ಕಳೆಯುತ್ತಿತ್ತು.

ಮಾತೂ ಸುಲಭವಿರಲಿಲ್ಲ. ನಿಕೋಬಾರಿಗಳು ಹಡಗಿನವರೊಡನೆ ಮುರುಕು ಪೋರ್ಚುಗೀಸಿನಲ್ಲಿ ವ್ಯವಹರಿಸುತ್ತಿದ್ದರು. ತೆಂಗಿನಕಾಯಿ ಕೊಳ್ಳಲು ಅದು ಸಾಕು, ಪಾಪ ಮತ್ತು ರಕ್ಷಣೆಯನ್ನು ವಿವರಿಸಲು ಸಾಲದು. ಸ್ಥಳೀಯ ಭಾಷೆ ಕೈಹತ್ತುವ ಮೊದಲೇ ಕಲಿಯುವವರನ್ನು ಜ್ವರ ಕೆಡವುತ್ತಿತ್ತು. ಹೊಸದಾಗಿ ಬಂದವನು ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೇಳಿದ್ದನ್ನು ಜನ ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿದ್ದರು. ತಾವು ಹುಟ್ಟಿನಿಂದಲೇ ಒಳ್ಳೆಯವರು, ಕೆಟ್ಟದ್ದು ಮಾಡಿದವರಲ್ಲ ಎನ್ನುತ್ತಿದ್ದರು. ಪಾಪವೇ ಇಲ್ಲವೆಂದವರಿಗೆ ಪರಿಹಾರ ಹೇಳುವುದು ಹೇಗೆ? ಹತ್ತೊಂಬತ್ತು ವರ್ಷಗಳಲ್ಲಿ ಒಬ್ಬನೂ ಕ್ರೈಸ್ತನಾಗಲಿಲ್ಲ. 1787ರಲ್ಲಿ ಮಿಷನ್ ಮುಚ್ಚಿತು. ಬಾಗಿಲು ಹಾಕುವ ಕೆಲಸ ಹೆನ್ಸೆಲ್‌ನ ಪಾಲಿಗೇ ಬಂತು.

ಜಾಗದ ಆಯ್ಕೆಯೂ ಅವರಿಗೆ ಮುಳುವಾಯಿತು. ನಾನ್‌ಕೌರಿ ಮತ್ತು ಕಮೋರ್ಟಾ ದ್ವೀಪಗಳ ನಡುವಿನ ಕಡಲು ನಾವಿಕರ ಅಚ್ಚುಮೆಚ್ಚಿನ ತಂಗುದಾಣ. ಗಾಳಿ ತಾಗದು, ಅಲೆ ಏಳದು. ಸುತ್ತ ಕಾಂಡ್ಲಾ ಕಾಡು, ಜೌಗು. ಹಡಗಿಗೆ ಹಿತವಾದ ಆ ನಿಶ್ಚಲತೆ ಸೊಳ್ಳೆಗೂ ಹಿತ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬ ಸುಳಿವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಹಿಡಿದದ್ದು 1897ರಲ್ಲಿ. ಅದಕ್ಕೂ ಮೊದಲು, 1869ರಲ್ಲಿ ಬ್ರಿಟಿಷರು ಇದೇ ಬಂದರಿನಲ್ಲಿ ಕೈದಿಗಳ ವಸಾಹತು ತೆರೆದು 1888ರಲ್ಲಿ ಬಿಟ್ಟುಹೋದರು. ಅವರದೂ ಹತ್ತೊಂಬತ್ತೇ ವರ್ಷ.

ಕ್ರೈಸ್ತಧರ್ಮ ನಿಕೋಬಾರಿನಲ್ಲಿ ಬೇರುಬಿಟ್ಟದ್ದು ಉತ್ತರದ ಕಾರ್ ನಿಕೋಬಾರಿನಲ್ಲಿ. ಅಲ್ಲಿಗೆ 1890ರ ದಶಕದಲ್ಲಿ ಬಂದ ತಮಿಳು ಉಪದೇಶಕ ವೇದಪ್ಪನ್ ಸಾಲೊಮನ್ ಸರ್ಕಾರದ ಏಜೆಂಟನೂ ಆಗಿದ್ದ. ಅವನು ಚಿಪ್ಪು ಹೆಕ್ಕಬೇಕಾಗಿರಲಿಲ್ಲ; ಮಕ್ಕಳನ್ನು ಸೇರಿಸಿ ಶಾಲೆ ನಡೆಸಿದ. ಆ ದ್ವೀಪದ ಹುಡುಗ ಜಾನ್ ರಿಚರ್ಡ್‌ಸನ್ ಬರ್ಮಾದ ಮಾಂಡಲೆಯಲ್ಲಿ ಓದಿ ಊರಿಗೆ ಮರಳಿ ಮೇಷ್ಟರಾದರು, ಬೈಬಲ್ಲನ್ನು ತಮ್ಮ ಭಾಷೆಗೆ ತಂದರು, 1950ರಲ್ಲಿ ಬಿಷಪ್ ಆದರು, ಮೊದಲ ಲೋಕಸಭೆಗೆ ನಾಮನಿರ್ದೇಶನಗೊಂಡು ದೆಹಲಿಗೂ ಹೋದರು.