ಮರುಭೂಮಿಯ ಹೊನ್ನಿನ ಕೋಟೆ: ಜೈಸಲ್ಮೇರ್

ರಾಜಸ್ಥಾನದ ಥಾರ್ ಮರುಭೂಮಿಯ ನಡುವೆ, ತ್ರಿಕೂಟ ಬೆಟ್ಟದ ಮೇಲೆ ಜೈಸಲ್ಮೇರ್ ಕೋಟೆಯಿದೆ. ಭಾಟಿ ರಜಪೂತ ದೊರೆ ರಾವಲ್ ಜೈಸಲ್ 1156ರಲ್ಲಿ ಲೋದ್ರವಾದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಹಳದಿ ಮರಳುಗಲ್ಲಿನ ಕೋಟೆಗೆ 99 ಕೊತ್ತಲಗಳು. ಇಳಿಬಿಸಿಲಿಗೆ ಹೊನ್ನಿನಂತೆ ಹೊಳೆಯುವುದರಿಂದ ಇದನ್ನು ‘ಸೋನಾರ್ ಕಿಲಾ’ ಎನ್ನುತ್ತಾರೆ. ಒಳಗೆ ಅರಮನೆಯೂ ಜೈನ ಬಸದಿಗಳೂ ಇವೆ.

ಒಂಟೆಗಳ ಮೇಲೆ ನಡೆಯುತ್ತಿದ್ದ ವ್ಯಾಪಾರದಿಂದ ಊರು ಸಿರಿವಂತವಾಯಿತು. 19ನೆಯ ಶತಮಾನದಲ್ಲಿ ಪಟ್ವಾ ವರ್ತಕರು ಕಟ್ಟಿಸಿದ ಐದು ಹವೇಲಿಗಳ ಕೆತ್ತನೆಯೇ ಇದಕ್ಕೆ ಸಾಕ್ಷಿ. ಮುಂಬಯಿ ಬಂದರು ಬೆಳೆದಂತೆ ವ್ಯಾಪಾರ ಕಡಲ ದಾರಿ ಹಿಡಿಯಿತು. 1947ರ ದೇಶವಿಭಜನೆ ಪಶ್ಚಿಮದ ಹಾದಿಯನ್ನೂ ಮುಚ್ಚಿತು.

ಮಳೆ ಅಪರೂಪವಾದ ಈ ಊರಿಗೆ ಶತಮಾನಗಳ ಕಾಲ ಗಡೀಸರ್ ಕೆರೆಯೇ ಆಧಾರ. ಕೊಡ ಹೊತ್ತು ತಂದ ನೀರನ್ನು ಜನ ಹಿಡಿತದಿಂದ ಬಳಸುತ್ತಿದ್ದರು. ಕೋಟೆಯೊಳಗೆ ಇಂದಿಗೂ ಸಾವಿರಾರು ಜನ ವಾಸವಾಗಿದ್ದಾರೆ. ನಲ್ಲಿಗಳೂ ವಸತಿಗೃಹಗಳೂ ಹೆಚ್ಚಿದ ಮೇಲೆ ಬಚ್ಚಲ ನೀರು ಬೆಟ್ಟದೊಳಗೆ ಇಂಗಿ ತಳಪಾಯ ಸಡಿಲವಾಯಿತು. ಕೆಲವು ಕೊತ್ತಲಗಳು ಕುಸಿದವು. ನೀರಿಲ್ಲದ ನಾಡಿನ ಕೋಟೆಗೆ ನೀರಿನಿಂದಲೇ ಅಪಾಯ ಒದಗಿದೆ.

2013ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆ ಉಳಿಯದು. ವಿದ್ಯಾರ್ಥಿಗಳೇ, ಮುಂದೆಂದಾದರೂ ಅಲ್ಲಿಗೆ ಹೋದರೆ ಕೋಟೆಯನ್ನು ಕಣ್ತುಂಬ ನೋಡಿ. ತಂಗುವುದು ಮಾತ್ರ ಕೋಟೆಯ ಹೊರಗಿರಲಿ.